‘ನಿರ್ಧಾರವೇ? ನಾನು ಮಾಡಿದ್ದೇ ಇಲ್ಲವಲ್ಲ!’

ಹೊತ್ತಿ ಉರಿಯುವ ಮನೆಯ ಮುಂದೆ ನಿಂತಾಗ ನೀವು ನಿರ್ಧಾರ ತೆಗೆದುಕೊಳ್ಳುವುದು ಹೇಗೆ?

ಪ್ರಶ್ನೆ ಇಷ್ಟೇ. ಕೇಳಿದವರು ಗ್ಯಾರಿ ಕ್ಲೈನ್, ಅಮೆರಿಕದ ಒಹಾಯೊ ರಾಜ್ಯದಲ್ಲಿ ಸಣ್ಣದೊಂದು ಸಂಶೋಧನಾ ಸಂಸ್ಥೆ ನಡೆಸುತ್ತಿದ್ದ ಮನೋವಿಜ್ಞಾನಿ. ಕಾಲ, 1980ರ ದಶಕದ ನಡುಭಾಗ. ಎದುರಿಗೆ ಕೂತಿದ್ದಾತ ಅಗ್ನಿಶಾಮಕ ದಳದ ನಾಯಕ. ತನ್ನ ಹುಡುಗರನ್ನು ಬೆಂಕಿಯ ಒಳಕ್ಕೆ ಕಳಿಸುವುದೋ, ಹಿಂದಕ್ಕೆ ಕರೆಸುವುದೋ ಎಂದು ನಿಂತ ನಿಲುವಿನಲ್ಲಿ ಹೇಳಬೇಕಾದ ಕೆಲಸ ಅವನದು. ಆತನ ಉತ್ತರ: ನಿರ್ಧಾರವೇ? ನಾನ್ಯಾವತ್ತೂ ನಿರ್ಧಾರ ಮಾಡಿದ ನೆನಪೇ ಇಲ್ಲವಲ್ಲ!

ಕ್ಲೈನ್‌ಗೆ ಹೇಗಾಗಿರಬೇಡ! ಮೀನುಗಾರಿಕೆಯ ಬಗ್ಗೆ ಪುಸ್ತಕ ಬರೆಯಲು ಹೊರಟವನಿಗೆ ಮೊದಲು ಸಿಕ್ಕ ಬೆಸ್ತನೇ ‘ಮೀನಾ? ನಾನು ಕಂಡೇ ಇಲ್ಲ’ ಅಂದ ಹಾಗೆ. ಅದೂ ಈ ಅಧ್ಯಯನಕ್ಕೆ ದುಡ್ಡು ಕೊಟ್ಟದ್ದು ಅಮೆರಿಕದ ಸೈನ್ಯ. ಪ್ರಾಣ ಹೋಗುವ ಹೊತ್ತಿನಲ್ಲಿ, ಅರ್ಧಂಬರ್ಧ ಮಾಹಿತಿ ಇಟ್ಟುಕೊಂಡು, ಅನುಭವಿ ನಾಯಕರು ಹೇಗೆ ನಿರ್ಧರಿಸುತ್ತಾರೆ ಎಂಬುದು ಸೈನ್ಯಕ್ಕೆ ತಿಳಿಯಬೇಕಿತ್ತು. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಸಿದ್ಧ ಉತ್ತರವೇನೋ ಇತ್ತು. ಇರುವ ದಾರಿಗಳನ್ನೆಲ್ಲ ಪಟ್ಟಿ ಮಾಡು, ಒಂದೊಂದರ ಲಾಭನಷ್ಟ ತೂಗು, ಅಂಕ ಕೊಡು, ಹೆಚ್ಚು ಅಂಕ ಬಂದದ್ದನ್ನು ಆರಿಸು. ಗಂಡು ನೋಡುವಾಗ ಮನೆಯ ಹಿರಿಯರು ಜಾತಕ, ಸಂಬಳ, ಸೈಟು ಎಲ್ಲ ಕೂಡಿಸಿ ಕಳೆದು ನೋಡುತ್ತಾರಲ್ಲ, ಹಾಗೆ. ಆದರೆ ಮಾಡು ಕುಸಿಯುತ್ತಿರುವಾಗ ಪಟ್ಟಿ ಬರೆಯುತ್ತ ಕೂರುವವರು ಯಾರು? ಅವಸರದಲ್ಲಿ ಪಟ್ಟಿ ಕುಗ್ಗಿ ಎರಡಕ್ಕೆ ಇಳಿಯುತ್ತದೆ, ಆ ಎರಡನ್ನು ಅಕ್ಕಪಕ್ಕ ಇಟ್ಟು ತೂಗುತ್ತಾರೆ ಎಂಬುದು ಕ್ಲೈನ್ ಅವರ ಊಹೆಯಾಗಿತ್ತು.

ಎರಡೂ ಇರಲಿಲ್ಲ. ಬರೀ ಒಂದು!

26 ನಾಯಕರು, ಸರಾಸರಿ 23 ವರ್ಷಗಳ ಸೇವೆ. ಅವರ ಬಾಯಿಂದಲೇ ಕೇಳಿ ಬಿಡಿಸಿಟ್ಟ 156 ನಿರ್ಣಾಯಕ ಗಳಿಗೆಗಳು. ಅವುಗಳಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕರಲ್ಲಿ ಹೋಲಿಕೆ ಎಂಬುದೇ ನಡೆದಿರಲಿಲ್ಲ. ನಾಯಕ ಬಂದ, ನೋಡಿದ, ‘ಓ, ಇದು ಇಂಥದ್ದು’ ಎಂದು ಗುರುತು ಹಿಡಿದ. ಗುರುತು ಸಿಕ್ಕ ಮರುಕ್ಷಣ ಏನು ಮಾಡಬೇಕೆಂಬುದೂ ಅದರ ಬೆನ್ನಿಗೇ ಬಂತು. ಆ ಒಂದೇ ಉಪಾಯವನ್ನು ಮನಸ್ಸಿನೊಳಗೆ ಸಿನಿಮಾದಂತೆ ಓಡಿಸಿ ನೋಡಿದ. ಎಲ್ಲೂ ಮುಗ್ಗರಿಸಲಿಲ್ಲವೋ, ‘ನಡೀರಿ’ ಎಂದ. ಮುಗ್ಗರಿಸಿತೋ, ಸ್ವಲ್ಪ ತಿದ್ದಿದ. ತಿದ್ದಲಾಗದಿದ್ದರೆ ಬಿಸಾಡಿ ಮುಂದಿನದಕ್ಕೆ ಹೋದ. ಆ ಮೊದಲ ನಾಯಕ ಸುಳ್ಳು ಹೇಳಿರಲಿಲ್ಲ. ಅವನ ಪಾಲಿಗೆ ಅಲ್ಲಿ ಆರಿಸುವುದೇ ಇರಲಿಲ್ಲ, ಕಾಣುವುದು ಮಾತ್ರ ಇತ್ತು.

ಆ ಒಳಗಿನ ಸಿನಿಮಾ ಹೇಗಿರುತ್ತದೆ ಎಂಬುದಕ್ಕೆ ಕ್ಲೈನ್ ಒಂದು ಘಟನೆ ಹೇಳುತ್ತಾರೆ, ನನಗೆ ಬಲು ಪ್ರಿಯವಾದದ್ದು. ಹೆದ್ದಾರಿಯ ಮೇಲ್ಸೇತುವೆಯಿಂದ ಒಬ್ಬ ಹೆಂಗಸು ಬಿದ್ದಿದ್ದಾಳೆ ಅಥವಾ ಹಾರಿದ್ದಾಳೆ. ನೆಲಕ್ಕೆ ಬೀಳದೆ, ಕೆಳಗಿನ ದಾರಿಫಲಕದ ಕಬ್ಬಿಣದ ಕಂಬಿಗಳ ಮೇಲೆ ಸಿಕ್ಕಿಕೊಂಡು, ಅರೆಪ್ರಜ್ಞೆಯಲ್ಲಿ ನೇತಾಡುತ್ತಿದ್ದಾಳೆ. ರಕ್ಷಣೆಗೆ ಬಂದ ನಾಯಕನ ತಲೆಯಲ್ಲಿ ರೀಲು ಓಡುತ್ತದೆ. ಒಂದು ಬಗೆಯ ಸುರಕ್ಷಾ ಪಟ್ಟಿ: ಅದನ್ನು ಮುಂದಿನಿಂದ ಕಟ್ಟಬೇಕು, ಇವಳು ಬೋರಲು ಬಿದ್ದಿದ್ದಾಳೆ, ಹಿಂದಿನಿಂದ ಕಟ್ಟಿ ಎತ್ತಿದರೆ ಬೆನ್ನು ಬಿಲ್ಲಾಗುತ್ತದೆ. ಬೇಡ. ಇನ್ನೊಂದು ಬಗೆಯದು: ಅದೂ ಹಾಗೇ. ಬೇಡ. ಮೂರನೆಯದು, ಏಣಿ ಹತ್ತುವಾಗ ಸಿಬ್ಬಂದಿಯೇ ಸೊಂಟಕ್ಕೆ ಬಿಗಿದುಕೊಳ್ಳುವ ಬೆಲ್ಟು: ಸ್ವಲ್ಪ ಎತ್ತು, ಕೆಳಗಿನಿಂದ ತೂರಿಸು, ಬಕಲ್ ಹಾಕು, ಹಗ್ಗ ಕಟ್ಟು, ಮೇಲಕ್ಕೆಳೆ. ಸರಿ, ನಡೀರಿ! ಇಷ್ಟೂ ಒಂದು ನಿಮಿಷದೊಳಗೆ. ಮೂರನ್ನೂ ಸಾಲಾಗಿ ನಿಲ್ಲಿಸಿ ಯಾವುದು ಶ್ರೇಷ್ಠ ಎಂದು ಅವನು ಕೇಳಲೇ ಇಲ್ಲ ನೋಡಿ. ಒಂದಾದ ಮೇಲೆ ಒಂದು. ನಡೆಯುವಂಥದ್ದು ಸಿಕ್ಕಿತು, ಹುಡುಕಾಟ ನಿಂತಿತು.

ಆಮೇಲೇನಾಯಿತು? ಬೆಲ್ಟು ದಷ್ಟಪುಷ್ಟ ಸಿಬ್ಬಂದಿಯ ಸೊಂಟಕ್ಕೆಂದು ಮಾಡಿದ್ದು, ಹೆಂಗಸು ಕಡ್ಡಿಯ ಹಾಗಿದ್ದಳು. ಮೇಲಕ್ಕೆತ್ತುವಾಗ ಬೆಲ್ಟಿನೊಳಗಿಂದ ಶಾವಿಗೆ ಎಳೆಯಂತೆ ಜಾರಿಬಿಟ್ಟಳು! ಪುಣ್ಯಕ್ಕೆ ಕೆಳಗೇ ಏಣಿಗಾಡಿ ನಿಂತಿತ್ತು, ಅದರ ಮೇಲಿದ್ದವರು ಹಿಡಿದುಕೊಂಡರು. ಜೀವ ಉಳಿಯಿತು. ಅನುಭವಿಗಳ ಸಿನಿಮಾದಲ್ಲೂ ಒಂದೊಂದು ದೃಶ್ಯ ಬಿಟ್ಟುಹೋಗುತ್ತದೆ. ಈ ಅಂಶವನ್ನು ಕ್ಲೈನ್ ಮುಚ್ಚಿಡದೆ ಬರೆದದ್ದರಿಂದಲೇ ಅವರ ಉಳಿದ ಮಾತುಗಳ ಮೇಲೆ ನನಗೆ ನಂಬಿಕೆ ಹುಟ್ಟಿದ್ದು.

ಇನ್ನೊಂದು ಘಟನೆ ಓದಿದ ರಾತ್ರಿ ಮಾತ್ರ ನನಗೆ ನಿದ್ದೆ ಹತ್ತಲಿಲ್ಲ.

ವಸತಿ ಬಡಾವಣೆಯ ಒಂದಂತಸ್ತಿನ ಮನೆ. ಹಿಂಬದಿಯ ಅಡುಗೆಮನೆಯಲ್ಲಿ ಬೆಂಕಿ. ದಳದ ಲೆಫ್ಟಿನೆಂಟ್ ತನ್ನವರ ಜತೆ ಒಳನುಗ್ಗಿ, ಹಜಾರದಲ್ಲಿ ನಿಂತು ನೀರು ಹೊಡೆಸುತ್ತಾನೆ. ಬೆಂಕಿ ಜಗ್ಗುವುದಿಲ್ಲ. ಇನ್ನೊಮ್ಮೆ ಹೊಡೆಸುತ್ತಾನೆ. ಒಂದು ಗಳಿಗೆ ತಗ್ಗಿದಂತೆ ಮಾಡಿ ಮತ್ತೆ ಭುಗ್ಗೆನ್ನುತ್ತದೆ. ಅವನಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಏನು ಎಂದು ಕೇಳಿದರೆ ಹೇಳಲಾರ. ‘ಎಲ್ಲರೂ ಹೊರಗೆ, ಈಗಲೇ!’ ಎಂದು ಕೂಗುತ್ತಾನೆ. ಅವರು ಹೊರಬಿದ್ದ ಸ್ವಲ್ಪ ಹೊತ್ತಿಗೇ, ನಿಂತಿದ್ದ ನೆಲ ಧಡಾರನೆ ಕುಸಿಯುತ್ತದೆ!

ಬೆಂಕಿಯ ಗರ್ಭ ಅಡುಗೆಮನೆಯಲ್ಲಿ ಇರಲೇ ಇಲ್ಲ. ಅವರ ಕಾಲಡಿಯ ನೆಲಮಾಳಿಗೆಯಲ್ಲಿತ್ತು. ಆ ಮನೆಗೆ ನೆಲಮಾಳಿಗೆ ಉಂಟೆಂಬುದೇ ಲೆಫ್ಟಿನೆಂಟ್‌ಗೆ ಗೊತ್ತಿರಲಿಲ್ಲ.

ಆತ ಇದನ್ನು ತನ್ನ ಅತೀಂದ್ರಿಯ ಶಕ್ತಿ ಎಂದೇ ನಂಬಿದ್ದ. ಕ್ಲೈನ್ ತಂಡ ಅವನನ್ನು ಕೂರಿಸಿಕೊಂಡು ಕ್ಷಣಕ್ಷಣವನ್ನೂ ಮತ್ತೆ ನಡೆಸಿತು. ಅಲ್ಲಿ ಏನು ಕಂಡಿತು, ಏನು ಕೇಳಿಸಿತು, ಏನು ನಿರೀಕ್ಷಿಸಿದ್ದೆ, ಏನಾಯಿತು? ಆಗ ಒಂದೊಂದಾಗಿ ಹೊರಬಿತ್ತು. ಅಡುಗೆಮನೆಯ ಸಣ್ಣ ಬೆಂಕಿಯಾದರೆ ನೀರಿಗೆ ಬಗ್ಗಬೇಕಿತ್ತು, ಬಗ್ಗಲಿಲ್ಲ. ಹಜಾರದಲ್ಲಿ ಅಷ್ಟು ಸೆಕೆ ಇರಬಾರದಿತ್ತು, ಇತ್ತು. ಅಷ್ಟು ಸೆಕೆಯ ಬೆಂಕಿಯಾದರೆ ಅಬ್ಬರ ಕೇಳಿಸಬೇಕಿತ್ತು. ಕೇಳಿಸಲಿಲ್ಲ, ನೆಲಹಾಸು ಸದ್ದನ್ನು ನುಂಗಿತ್ತು. ಸೆಕೆ ಜಾಸ್ತಿ, ಸದ್ದು ಕಡಿಮೆ. ಅವನು ಅಷ್ಟು ವರ್ಷ ಕಂಡ ಯಾವ ಬೆಂಕಿಯೂ ಹಾಗಿರಲಿಲ್ಲ. ತಲೆಗೆ ಕಾರಣ ಗೊತ್ತಾಗುವ ಮೊದಲೇ ಮೈಗೆ ಗೊತ್ತಾಗಿಬಿಟ್ಟಿತ್ತು!

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು. ಅವನು ಗುರುತಿಸಿದ್ದು ನೆಲಮಾಳಿಗೆಯ ಬೆಂಕಿಯನ್ನಲ್ಲ. ‘ಇದು ನನಗೆ ಗೊತ್ತಿರುವ ಯಾವುದೂ ಅಲ್ಲ’ ಎಂಬುದನ್ನು. ಹೊಸಬನೊಬ್ಬ ಅಲ್ಲಿ ನಿಂತಿದ್ದರೆ ಸೆಕೆ ಸೆಕೆಯಾಗಿಯೇ ಇರುತ್ತಿತ್ತು, ಮೌನ ಮೌನವಾಗಿಯೇ. ಇರಬೇಕಾದದ್ದು ಏನೆಂದು ಗೊತ್ತಿದ್ದವನಿಗೆ ಮಾತ್ರ ಇಲ್ಲದಿರುವುದು ಕಾಣಿಸುತ್ತದೆ.

ನಮ್ಮಲ್ಲಿ ಇದಕ್ಕೊಂದು ಎರಡಕ್ಷರದ ಪದ ಇದೆಯಲ್ಲ, ಹದ. ಚಿಕ್ಕಂದಿನಲ್ಲಿ ಮಂಡ್ಯದ ಕಡೆಯ ಒಂದು ಆಲೆಮನೆಯಲ್ಲಿ, ಬಿಸಿಬೆಲ್ಲದ ಆಸೆಗೆ ಕೊಪ್ಪರಿಗೆಯ ಹತ್ತಿರ ನಿಂತಿರುತ್ತಿದ್ದೆ. ಕಬ್ಬಿನ ಹಾಲು ಕುದಿದು ಕುದಿದು ನೊರೆಯ ಬಣ್ಣ ತಿರುಗುತ್ತಿತ್ತು, ಗುಳ್ಳೆಗಳು ಸಣ್ಣದಾಗಿ ಆಮೇಲೆ ದಪ್ಪವಾಗುತ್ತಿದ್ದವು. ಪಾಕ ನೋಡುವ ತಾತ ಬೀಡಿ ಸೇದುತ್ತ, ಯಾರ ಜತೆಯೋ ಮಾತಾಡುತ್ತ ಇರುತ್ತಿದ್ದವನು, ಒಮ್ಮೆಲೇ ಎದ್ದು ‘ಇಳಿಸ್ರಲಾ!’ ಎಂದು ಕೂಗುತ್ತಿದ್ದ. ಒಂದಿಷ್ಟು ತಡವಾದರೂ ಇಡೀ ಕೊಪ್ಪರಿಗೆ ಕರಕಲು. ‘ಹೆಂಗ್ ಗೊತ್ತಾಯ್ತು ತಾತ?’ ಎಂದು ಕೇಳಿದರೆ, ‘ಹದ ಬಂತಲ್ಲಪ್ಪ, ಕಾಣಾಕಿಲ್ವಾ?’ ಎಂದು ನನ್ನನ್ನೇ ಕೇಳುತ್ತಿದ್ದ. ನನಗೆ ಕಾಣುತ್ತಿದ್ದದ್ದು ನೊರೆ.

ಚದುರಂಗದಲ್ಲಿ ಇದನ್ನು ಅಳೆದೇ ತೋರಿಸಿದ್ದಾರೆ. ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ಪ್ರಕಟಿಸಿದ ಪ್ರಯೋಗ, ಅದಕ್ಕೂ ಮುಂಚೆ ಹಾಲೆಂಡಿನ ಆಡ್ರಿಯಾನ್ ಡಿ ಗ್ರೂಟ್ ಹಾಕಿಕೊಟ್ಟ ದಾರಿ. ನಿಜವಾದ ಆಟದ ನಡುವಿನ ಹಾಸನ್ನು 5 ಸೆಕೆಂಡ್ ತೋರಿಸಿ ಮುಚ್ಚಿದರೆ, ಮಾಸ್ಟರ್ ಆಟಗಾರ ಹೆಚ್ಚಿನ ಕಾಯಿಗಳನ್ನು ಇದ್ದಲ್ಲೇ ಇಡುತ್ತಾನೆ, ಹೊಸಬ ತಡಕಾಡುತ್ತಾನೆ. ಈಗ ಅದೇ ಕಾಯಿಗಳನ್ನು ಮನಬಂದಂತೆ ಚೆಲ್ಲಾಡಿ ತೋರಿಸಿ. ಮಾಸ್ಟರನ ಮಂತ್ರಶಕ್ತಿ ಮಾಯ! ಹೊಸಬನ ಮಟ್ಟಕ್ಕೇ ಇಳಿದುಬಿಡುತ್ತಾನೆ. ಅವನ ನೆನಪಿನ ಶಕ್ತಿ ದೊಡ್ಡದಿರಲಿಲ್ಲ. ಅವನು ನೋಡುತ್ತಿದ್ದುದು ಕಾಯಿಗಳನ್ನಲ್ಲ, ಹಿಂದೆ ಸಾವಿರ ಸಲ ಕಂಡ ಗುಂಪುಗಳನ್ನು.

ಇಷ್ಟು ತಿಳಿದುಕೊಂಡು ನಾನು ಹಡ್ಸನ್ ನದಿಯ ಮೇಲಿಳಿದ ವಿಮಾನದ ತನಿಖಾ ವರದಿ ಓದಲು ಕೂತೆ. ಕತೆ ಎಲ್ಲರಿಗೂ ಗೊತ್ತು, ಸಿನಿಮಾ ಕೂಡ ಬಂದಿದೆ. ಆದರೆ ಈ ಕಣ್ಣಿನಿಂದ ನೋಡಿದರೆ ಅದರೊಳಗೆ ಇನ್ನೊಂದೇ ಕತೆ ಇದೆ. 2009ರ ಜನವರಿ 15. ನ್ಯೂಯಾರ್ಕಿನ ಲಗಾರ್ಡಿಯಾದಿಂದ ಮೇಲೆದ್ದ ಏರ್‌ಬಸ್ ಎ320. ಸುಮಾರು 2,800 ಅಡಿ ಎತ್ತರದಲ್ಲಿ ಕೆನಡಾ ಬಾತುಗಳ ಹಿಂಡು ಬಡಿದು ಎರಡೂ ಎಂಜಿನ್‌ಗಳು ಸತ್ತವು. ವಿಮಾನದಲ್ಲಿ 155 ಜನ. ಅಲ್ಲಿಂದ ನೀರಿಗಿಳಿಯುವವರೆಗೆ ಇದ್ದದ್ದು 208 ಸೆಕೆಂಡ್, ಒಂದು ಹಾಡಿನಷ್ಟೂ ಇಲ್ಲ. ಕ್ಯಾಪ್ಟನ್ ಚೆಸ್ಲಿ ಸಲೆನ್‌ಬರ್ಗರ್, 57 ವಯಸ್ಸು, 19 ಸಾವಿರ ಗಂಟೆಗೂ ಮಿಕ್ಕಿದ ಹಾರಾಟ.

ಪಕ್ಕದಲ್ಲಿದ್ದ ಸಹಪೈಲಟ್ ಜೆಫ್ ಸ್ಕೈಲ್ಸ್ ಕೈಯಲ್ಲಿ ಎರಡೂ ಎಂಜಿನ್ ಕೆಟ್ಟರೆ ಏನು ಮಾಡಬೇಕೆಂಬ ಸೂಚನಾಪಟ್ಟಿ ಇತ್ತು. ಮೂರು ಪುಟ. 20 ಸಾವಿರ ಅಡಿಗೂ ಮೇಲೆ, ನಿಧಾನಕ್ಕೆ ತೇಲುತ್ತ ಬರುವಾಗ ಓದಿಕೊಂಡು ಮಾಡಲೆಂದು ಬರೆದದ್ದು. ಸ್ಕೈಲ್ಸ್ ಮಿಂಚಿನಂತೆ ಮಾಡಿದರೂ ಮೂರರಲ್ಲೊಂದು ಭಾಗ ಮುಗಿಯುವಷ್ಟರಲ್ಲಿ ನದಿ ಬಂದಿತ್ತು. ಆ ಪಟ್ಟಿಯಲ್ಲಿ ಬಲು ಕೆಳಗೆ ಒಂದು ಸಾಲಿದೆ: ಬಾಲದಲ್ಲಿರುವ ಪುಟ್ಟ ಸಹಾಯಕ ಎಂಜಿನ್ ಚಾಲೂ ಮಾಡುವುದು. ಕ್ಯಾಪ್ಟನ್ ಆ ಸಾಲು ಬರುವವರೆಗೆ ಕಾಯಲೇ ಇಲ್ಲ, ಹಕ್ಕಿ ಬಡಿದ ಕೆಲವೇ ಸೆಕೆಂಡುಗಳಲ್ಲಿ, ಪಟ್ಟಿ ತೆರೆಯುವ ಮೊದಲೇ ಅದರ ಗುಂಡಿ ಒತ್ತಿದ್ದರು! ಅದರಿಂದಲೇ ವಿದ್ಯುತ್ ನಿಲ್ಲಲಿಲ್ಲ, ವೇಗ ತೀರಾ ತಗ್ಗಿ ವಿಮಾನ ಮೂಗು ಕೆಳಗಾಗಿ ಬೀಳದಂತೆ ಕಾಯುವ ಕಂಪ್ಯೂಟರ್ ವ್ಯವಸ್ಥೆ ಕೊನೆಯವರೆಗೂ ಉಳಿಯಿತು. ತನಿಖಾಧಿಕಾರಿಗಳು ವಿಶೇಷವಾಗಿ ಮೆಚ್ಚಿ ಬರೆದದ್ದು ಇದನ್ನು. ನದಿಯ ಮೇಲೆ ಇಳಿಸಿದ್ದನ್ನು ಜಗತ್ತು ಕೊಂಡಾಡಿತು, ಈ ಗುಂಡಿಯನ್ನು ಯಾರೂ ನೆನೆಯುವುದಿಲ್ಲ.

ಮತ್ತೆ ಲಗಾರ್ಡಿಯಾಗೇ? ಆಗದು. ಎದುರು ದಡದ ವಿಮಾನ ನಿಲ್ದಾಣ ಟೀಟರ್‌ಬರೋ? ಅದೂ ಆಗದು. ನದಿ. ಒಂದಾದ ಮೇಲೆ ಒಂದು, ಬೆಲ್ಟು ಹುಡುಕಿದ ಆ ನಾಯಕನ ಹಾಗೆಯೇ! ಆಮೇಲೆ ತನಿಖೆಯವರು ಸಿಮ್ಯುಲೇಟರಿನಲ್ಲಿ ಪೈಲಟ್‌ಗಳನ್ನು ಕೂರಿಸಿ ನೋಡಿದರು. ಹಕ್ಕಿ ಬಡಿದ ಕ್ಷಣಕ್ಕೇ ತಿರುಗಿದರೆ ಕೆಲವು ಸಲ ವಿಮಾನ ನಿಲ್ದಾಣ ಮುಟ್ಟಿದರು. ಆದರೆ ಮನುಷ್ಯನಾದವನಿಗೆ ಏನಾಯಿತೆಂದು ಅರಿಯಲು ಬೇಕಾದ ಹೊತ್ತೆಂದು 35 ಸೆಕೆಂಡ್ ಸೇರಿಸಿದಾಗ ಮುಟ್ಟಲಾಗಲಿಲ್ಲ. ‘ನೋಡುವುದಕ್ಕೂ’ ಹೊತ್ತು ಬೇಕು ಎಂಬುದನ್ನು ಒಂದು ಸರಕಾರಿ ವರದಿ ಸೆಕೆಂಡಿನಲ್ಲಿ ಎಣಿಸಿ ಬರೆದಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹಾಗಾದರೆ ನಾಯಕನಿಗೆ ಕಂಡರೆ ಮುಗಿಯಿತೇ? ಇಲ್ಲ. ಇನ್ನು ಹೇಳುವುದು ನೋವಿನ ಕತೆ.

1949ರ ಆಗಸ್ಟ್ 5, ಅಮೆರಿಕದ ಮೊಂಟಾನಾ ರಾಜ್ಯದ ಮ್ಯಾನ್ ಗಲ್ಚ್ ಎಂಬ ಕಣಿವೆ. ಕಾಡ್ಗಿಚ್ಚು ಆರಿಸಲು ವಿಮಾನದಿಂದ ಪ್ಯಾರಾಚೂಟಿನಲ್ಲಿ ಧುಮುಕಿದವರು 15 ಜನ. ನೆಲದಲ್ಲಿ ಮೊದಲೇ ಇದ್ದ ಕಾವಲಿನವನೊಬ್ಬ ಸೇರಿ 16. ಹೆಚ್ಚಿನವರು ಹದಿಹರೆಯ ದಾಟಿದ ಹುಡುಗರು. ನಾಯಕ ವ್ಯಾಗ್ನರ್ ಡಾಜ್‌ಗೆ 33. ಒಂದೇ ಒಂದು ರೇಡಿಯೋ, ಅದರ ಪ್ಯಾರಾಚೂಟು ಬಿಚ್ಚಿಕೊಳ್ಳದೆ ಬಿದ್ದು ಪುಡಿಯಾಯಿತು. ಬೆಳಗಾಗುವಷ್ಟರಲ್ಲಿ ಆರಿಸಬಹುದಾದ ಮಾಮೂಲಿ ಬೆಂಕಿ ಅನ್ನಿಸಿತ್ತು. ಮಿಸ್ಸೂರಿ ನದಿಯತ್ತ ಇಳಿಯುತ್ತಿದ್ದಾಗ ಡಾಜ್‌ಗೆ ಕಂಡಿತು: ಬೆಂಕಿ ಕಣಿವೆಯ ಬಾಯಿಯನ್ನೇ ದಾಟಿ ಇವರಿರುವ ಮಗ್ಗುಲಿಗೆ ಬಂದಿದೆ. ಮೊಣಕಾಲೆತ್ತರದ ಒಣಹುಲ್ಲು, ಗಾಳಿ ಬೆನ್ನಿಗೆ. ‘ತಿರುಗಿ! ಮೇಲಕ್ಕೆ ಓಡಿ!’ ಓಡಿದರು. ಏರು ಕಡಿದಾಗುತ್ತ ಹೋಯಿತು. ‘ಸಲಕರಣೆ ಬಿಸಾಡಿ!’ ಕೆಲವರು ಬಿಸಾಡಿದರು, ಕೆಲವರಿಗೆ ಕೈ ಬರಲಿಲ್ಲ. ಬೆಂಕಿ ಹತ್ತಿರ ಹತ್ತಿರ ಬಂತು.

ಆಗ ಡಾಜ್ ನಿಂತ. ಜೇಬಿನಿಂದ ಬೆಂಕಿಕಡ್ಡಿ ತೆಗೆದು ಗೀರಿದ. ಎದುರಿನ ಹುಲ್ಲಿಗೆ ಹಚ್ಚಿದ!

ಹಿಂದಿನಿಂದ ಬೆಂಕಿ ಅಟ್ಟಿಸಿಕೊಂಡು ಬರುವಾಗ ಮುಂದೆಯೂ ಬೆಂಕಿ ಹಚ್ಚುವ ನಾಯಕನನ್ನು ಏನೆನ್ನುತ್ತೀರಿ? ನಮ್ಮ ಬಂಡೀಪುರ, ನಾಗರಹೊಳೆಯ ಅರಣ್ಯ ಕಾವಲುಗಾರರಿಗೆ ಬೆಂಕಿಯಿಂದ ಬೆಂಕಿ ತಡೆಯುವುದು ಹೊಸದಲ್ಲ. ಬೇಸಿಗೆಗೆ ಮುಂಚೆಯೇ ಹುಲ್ಲು ಸುಟ್ಟು ಬೆಂಕಿರೇಖೆ ಮಾಡಿಡುತ್ತಾರೆ. ಆದರೆ ಡಾಜ್ ಹಚ್ಚಿದ್ದು ತಡೆಯುವುದಕ್ಕಲ್ಲ. ಅದು ಎದುರಿನ ಹುಲ್ಲನ್ನು ತಿಂದು ಮುಂದೆ ಸಾಗಿತು, ಹಿಂದೆ ಕರಿಬೂದಿಯ ಒಂದು ತುಂಡು ನೆಲ ಬಿಟ್ಟಿತು. ಸುಡಲು ಏನೂ ಉಳಿಯದ ನೆಲ. ಡಾಜ್ ಅದರೊಳಕ್ಕೆ ಹೊಕ್ಕು, ಒದ್ದೆ ಕರವಸ್ತ್ರ ಮುಖಕ್ಕೊತ್ತಿ, ಬೋರಲು ಮಲಗಿದ. ದೊಡ್ಡ ಬೆಂಕಿ ಅವನ ಸುತ್ತ ಹರಿದು ಹೋಯಿತು. ಎದ್ದು ಮೈ ಕೊಡವಿಕೊಂಡ!

ಅವನ ತರಬೇತಿಯಲ್ಲಿ ಇದು ಇರಲಿಲ್ಲ, ಆ ಗಳಿಗೆಯಲ್ಲೇ ಹೊಳೆದದ್ದು ಎಂದು ಆಮೇಲೆ ವಿಚಾರಣೆಯಲ್ಲಿ ಹೇಳಿದ. ಹುಲ್ಲುಗಾವಲಿನ ಮೂಲನಿವಾಸಿಗಳಿಗೆ ಗೊತ್ತಿದ್ದ ಉಪಾಯವೇ ಅದು. ಆದರೂ ಬೆನ್ನಟ್ಟುವ ಉರಿಯ ಮುಂದೆ ನಿಂತು, ‘ಬೆಂಕಿ ಒಮ್ಮೆ ತಿಂದ ಜಾಗಕ್ಕೆ ಮತ್ತೆ ಬಾಯಿ ಹಾಕದು’ ಎಂದು ಕಾಣುವ ಕಣ್ಣು ಎಂಥದ್ದು!

ಆದರೆ ಆ ಕಣ್ಣು ಇದ್ದದ್ದು ಅವನಿಗೊಬ್ಬನಿಗೆ. ಬನ್ನಿ, ಇದರೊಳಗೆ ಬನ್ನಿ ಎಂದು ಕೂಗಿ ಕರೆದ, ಕೈಬೀಸಿದ. ಒಬ್ಬನೂ ಬರಲಿಲ್ಲ. ಅವನಿಗೆ ತಲೆ ಕೆಟ್ಟಿದೆ ಎಂದುಕೊಂಡೆ ಎಂಬರ್ಥದ ಮಾತನ್ನು ಬದುಕುಳಿದವನೊಬ್ಬ ಆಮೇಲೆ ಹೇಳಿದ್ದುಂಟು. ಪಕ್ಕದಿಂದಲೇ ಓಡಿಹೋದರು. ಇಬ್ಬರು ಬಂಡೆಸಂದಿಯಿಂದ ದಿಬ್ಬ ದಾಟಿ ಉಳಿದರು. 13 ಜನ ಉಳಿಯಲಿಲ್ಲ.

ಡಾಜ್ ಮಿತಭಾಷಿ. ಆ ಹುಡುಗರಲ್ಲಿ ಹೆಚ್ಚಿನವರಿಗೆ ಅವನ ಪರಿಚಯ ಅಷ್ಟಕ್ಕಷ್ಟೆ. ಮಾಮೂಲಿ ದಿನಗಳಲ್ಲಿ ಒಟ್ಟಿಗೆ ಕೂತು ಬೆಂಕಿಯ ಬಗ್ಗೆ ನಾಲ್ಕು ಮಾತಾಡಿದ್ದರೆ ಅವತ್ತು ಒಬ್ಬನಾದರೂ ತಿರುಗುತ್ತಿದ್ದನೋ ಏನೋ. ಈ ಪ್ರಶ್ನೆಯನ್ನೇ ಕಾರ್ಲ್ ವೈಕ್ ಎಂಬ ವಿದ್ವಾಂಸರು 1993ರಲ್ಲಿ ಕೆದಕಿ ಬರೆದರು, ನಾಯಕತ್ವ ಕಲಿಸುವಲ್ಲೆಲ್ಲ ಅದನ್ನು ಈಗಲೂ ಓದಿಸುತ್ತಾರೆ. ನನಗಂತೂ ಆ ವಿಶ್ಲೇಷಣೆಗಿಂತ, ಬೂದಿಯ ನಡುವೆ ನಿಂತು ಕೈಬೀಸುತ್ತಿರುವ ಒಬ್ಬ ಮನುಷ್ಯನ ಚಿತ್ರವೇ ಕಣ್ಣಿಗೆ ಕಟ್ಟುತ್ತದೆ.

ಇಷ್ಟು ಹೊತ್ತು ಕಣ್ಣು, ಹದ ಎಂದು ಕುಣಿದಾಡಿದೆನಲ್ಲ, ತಕರಾರು ತೆಗೆಯುವವರು ಇಲ್ಲದಿಲ್ಲ. ಅದರಲ್ಲೂ ಎಂಥವರು! ಡೇನಿಯಲ್ ಕಾನೆಮನ್, ನೊಬೆಲ್ ಪಡೆದವರು, ಮನುಷ್ಯನ ಒಳಗಿನ ಅನ್ನಿಸಿಕೆ ಎಷ್ಟೆಷ್ಟು ಕಡೆ ಮೋಸ ಮಾಡುತ್ತದೆಂದು ಜೀವಮಾನವಿಡೀ ತೋರಿಸಿದವರು. ಅವರೂ ಕ್ಲೈನ್ ಅವರೂ ವರ್ಷಗಟ್ಟಲೆ ಕೂತು ವಾದಿಸಿದರು. 2009ರಲ್ಲಿ ಒಟ್ಟಿಗೇ ಒಂದು ಪ್ರಬಂಧ ಬರೆದರು, ‘ಭಿನ್ನಾಭಿಪ್ರಾಯ ಹೊಂದುವಲ್ಲಿ ಸೋತೆವು’ ಎಂಬರ್ಥದ ತುಂಟ ಉಪಶೀರ್ಷಿಕೆ ಇಟ್ಟು! ಅವರು ಒಪ್ಪಿದ ಮಾತು: ಹಿರಿಯ ನಾಯಕನಿಗೆ ತನ್ನ ಮೇಲೆ ಎಷ್ಟು ಭರವಸೆ ಇದೆ ಎಂಬುದಕ್ಕೆ ಬೆಲೆ ಕೊಡಬೇಡಿ. ಅವನಿದ್ದ ಲೋಕಕ್ಕೆ ಒಂದು ಲಯ ಇತ್ತೇ, ಮಾಡಿದ್ದು ಸರಿಯೋ ತಪ್ಪೋ ಎಂದು ಅವನಿಗೆ ಮತ್ತೆ ಮತ್ತೆ ಬೇಗನೆ ಗೊತ್ತಾಗುತ್ತಿತ್ತೇ, ಅದನ್ನು ಕೇಳಿ. ಬೆಂಕಿಗೆ ಲಯ ಇದೆ, ಬೆಲ್ಲದ ಪಾಕಕ್ಕೂ ಇದೆ. ಯಾವ ಷೇರು ಏರುತ್ತದೆ, ಹತ್ತು ವರ್ಷದ ಮೇಲೆ ರಾಜಕೀಯ ಹೇಗಿರುತ್ತದೆ ಎಂದು ಟಿವಿಯಲ್ಲಿ ಹೇಳುವವರಿಗೆ ಕೂದಲು ಎಷ್ಟೇ ಬೆಳ್ಳಗಿರಲಿ, ಹದ ಸಿಕ್ಕಿರುವುದಿಲ್ಲ.

ಹೊಚ್ಚ ಹೊಸತು ಎದುರಾದಾಗ ಏನು ಗತಿ? 1979ರ ಆಗಸ್ಟ್ 10, ಶ್ರೀಹರಿಕೋಟ. ಎಸ್ಎಲ್‌ವಿ-3 ರಾಕೆಟ್ಟಿನ ಮೊಟ್ಟಮೊದಲ ಪ್ರಾಯೋಗಿಕ ಉಡಾವಣೆ. ಯೋಜನೆಯ ಹೊಣೆ ಎ.ಪಿ.ಜೆ. ಅಬ್ದುಲ್ ಕಲಾಂ ಅವರದು. ಎಣಿಕೆಯ ಕೊನೆಗಳಿಗೆಯಲ್ಲಿ ಕಂಪ್ಯೂಟರ್ ತಡೆ ಹಾಕಿತು. ತಜ್ಞರು ಲೆಕ್ಕ ಹಾಕಿ, ತೊಂದರೆಯಿಲ್ಲ, ಹಾರಿಸಬಹುದು ಎಂದರು. ಕಲಾಂ ಕಂಪ್ಯೂಟರನ್ನು ಬದಿಗೊತ್ತಿ ಹಾರಿಸಿದರು. ಎರಡನೇ ಹಂತ ಹಿಡಿತ ತಪ್ಪಿತು, ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಕಲಾಂ ಮುಂದೆ ಊರೂರಲ್ಲಿ, ಮಕ್ಕಳ ಮುಂದೆ ತಾವೇ ಹೇಳಿಕೊಂಡು ಬಂದ ಕತೆ ಇದು. ಅವತ್ತು ಪತ್ರಕರ್ತರ ಮುಂದೆ ಕೂತವರು ಇಸ್ರೋ ಅಧ್ಯಕ್ಷರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗಿದ್ದ ಸತೀಶ್ ಧವನ್. ಸೋಲನ್ನು ತಾವು ಹೊತ್ತರು. 1980ರ ಜುಲೈ 18ರಂದು ಗೆದ್ದಾಗ, ಹೋಗಿ ನೀವೇ ಮಾತಾಡಿ ಎಂದು ಕಲಾಂ ಅವರನ್ನು ಮುಂದೆ ತಳ್ಳಿದರು.

ಕಲಾಂ ಅವರದು ತಪ್ಪು ಎಂದು ಮನೆಯಲ್ಲಿ ಕೂತು ಬರೆಯುವುದು ಸುಲಭ. ಆದರೆ ಹಿಂದೆಂದೂ ಹಾರದ ರಾಕೆಟ್ಟಿನ ಹದ ಯಾರ ಕಣ್ಣಿಗೆ ಗೊತ್ತಿರಲು ಸಾಧ್ಯ? ಇನ್ನೂ ನಡೆಯದ ಸಂಗತಿಯ ಗುರುತನ್ನು ಮೊದಲೇ ಸಂಪಾದಿಸಿಡುವ ದಾರಿ ಇದೆಯೇ?

ಇದೆ! ಅದನ್ನು ಕಂಡುಕೊಂಡಿದ್ದವರ ಕತೆಗೇ ನಾನು ಇಷ್ಟು ದೂರದಿಂದ ಓಡಿಬಂದದ್ದು.

ಅಪೊಲೊ 11 ಹಾರುವ ಮುಂಚಿನ ದಿನಗಳು, ಹ್ಯೂಸ್ಟನ್. ನಿಯಂತ್ರಣ ಕೊಠಡಿಯಲ್ಲಿ ಅಣಕು ಇಳಿತದ ತಾಲೀಮು. ಇದಕ್ಕೆಂದೇ ಒಂದು ತಂಡವಿತ್ತು, ಅದರ ಮುಖ್ಯಸ್ಥ ಡಿಕ್ ಕೂಸ್. ಅವರ ಕೆಲಸ ಕಾಟ ಕೊಡುವುದು; ಅತ್ತೆಮನೆಯ ಕಾಟದ ಹಾಗೆ, ಯಾವಾಗ ಎಲ್ಲಿಂದ ಎಂದು ತಿಳಿಯದಂತೆ. ಒಂದು ತಾಲೀಮಿನಲ್ಲಿ ಚಂದ್ರನ ಹತ್ತಿರ ಬರುತ್ತಿದ್ದಂತೆ ನೌಕೆಯ ಕಂಪ್ಯೂಟರಿನಿಂದ ಯಾರೂ ಕೇಳರಿಯದ ಒಂದು ಅಲಾರಂ ಸಂಖ್ಯೆ ಬರುವಂತೆ ಮಾಡಿದರು. ಮಾರ್ಗದರ್ಶನ ಅಧಿಕಾರಿ ಸ್ಟೀವ್ ಬೇಲ್ಸ್, 26ರ ತರುಣ, ಕೈಪಿಡಿ ತಿರುವಿ, ಗಾಬರಿಯಾಗಿ, ಇಳಿಯುವುದು ಬೇಡ, ವಾಪಸ್ ಎಂದ. ತಾಲೀಮು ಮುಗಿದ ಮೇಲೆ ಕೂಸ್ ಮುಖಕ್ಕೆ ಹೊಡೆದಂತೆ ಹೇಳಿದರು: ಇಳಿಯಬಹುದಿತ್ತು, ಸುಮ್ಮಸುಮ್ಮನೆ ಕೈಬಿಟ್ಟಿರಿ.

ಹಾರಾಟ ನಿರ್ದೇಶಕ ಜೀನ್ ಕ್ರಾನ್ಜ್ ಸುಮ್ಮನಾಗಲಿಲ್ಲ. ಅಂಥ ಅಲಾರಂ ಎಷ್ಟಿವೆಯೋ ಅಷ್ಟನ್ನೂ ಹುಡುಕಿ, ಒಂದೊಂದಕ್ಕೂ ಏನು ಮಾಡಬೇಕೆಂದು ಬರೆದಿಡಿ ಎಂದರು. ಆ ಕೆಲಸ ಜ್ಯಾಕ್ ಗಾರ್ಮನ್ ಎಂಬ ಹುಡುಗನ ಪಾಲಿಗೆ ಬಂತು. 24 ವಯಸ್ಸು. ನಾವು ಟಿವಿಯಲ್ಲಿ ನೋಡುವ ಆ ದೊಡ್ಡ ಕೊಠಡಿಯಲ್ಲಿ ಅವನಿಗೆ ಜಾಗವೂ ಇರಲಿಲ್ಲ, ಹಿಂದಿನ ಇನ್ನೊಂದು ಕೋಣೆಯಲ್ಲಿ ಕೂರುತ್ತಿದ್ದ. ಕಂಪ್ಯೂಟರ್ ತಯಾರಿಸಿದವರನ್ನು ಕೇಳಿ, ಕೈಯಾರೆ ಒಂದು ಹಾಳೆ ಬರೆದ. ಯಾವ ಸಂಖ್ಯೆ ಬಂದರೆ ಹೆದರಬೇಕು, ಯಾವುದು ಬಂದರೆ ಮುಂದುವರಿಯಬಹುದು. ಬರೆದು ತನ್ನ ಮೇಜಿನ ಗಾಜಿನಡಿ ಇಟ್ಟ. ಕಿರಾಣಿ ಅಂಗಡಿಯ ಗಲ್ಲಾದ ಗಾಜಿನ ಕೆಳಗೆ ದೇವರ ಪಟ ಇಡುತ್ತಾರಲ್ಲ, ಹಾಗೆ.

1969ರ ಜುಲೈ 20. ಚಂದ್ರನ ಮೇಲಿಳಿಯುವ ನೌಕೆ ಈಗಲ್ ಇಳಿಯುತ್ತಿದೆ, ಚಂದ್ರನ ನೆಲ ಇನ್ನೂ 33 ಸಾವಿರ ಅಡಿ ಕೆಳಗೆ. ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್ ಎದುರಿನ ಪರದೆಯಲ್ಲಿ ಒಂದು ಸಂಖ್ಯೆ: 1202. ಇಬ್ಬರಿಗೂ ಅದೇನೆಂದು ಗೊತ್ತಿಲ್ಲ. 1202 ಏನೆಂದು ಹೇಳಿ ಎಂದು ಕೇಳುವಾಗ, ಎಂದೂ ಅದುರದ ಆರ್ಮ್‌ಸ್ಟ್ರಾಂಗ್ ದನಿಯಲ್ಲೂ ಬಿಗಿ. ಗಾರ್ಮನ್ ಕಣ್ಣು ಗಾಜಿನಡಿಗೆ. ಕಂಪ್ಯೂಟರಿಗೆ ಕೆಲಸ ಮಿತಿಮೀರಿದೆ, ಮುಖ್ಯವಲ್ಲದ್ದನ್ನು ಬಿಟ್ಟು ಮುಖ್ಯವಾದದ್ದನ್ನು ಮಾಡುತ್ತಿದೆ. ಮೇಲಿಂದ ಮೇಲೆ ಬರದಿದ್ದರೆ ತೊಂದರೆಯಿಲ್ಲ. ಹಿಂದಿನ ಕೋಣೆಯ ಗಾರ್ಮನ್ ಬೇಲ್ಸ್‌ಗೆ, ಬೇಲ್ಸ್ ಕ್ರಾನ್ಜ್‌ಗೆ, ಅಲ್ಲಿಂದ ಗಗನಯಾತ್ರಿಗಳ ಜತೆ ಮಾತಾಡುವ ಹೊಣೆಯ ಚಾರ್ಲಿ ಡ್ಯೂಕ್‌ಗೆ, ಡ್ಯೂಕ್ ಮೈಕಿನಿಂದ ಒಂದೂಕಾಲು ಸೆಕೆಂಡ್ ದೂರದ ಚಂದ್ರನಿಗೆ: ಮುಂದುವರಿಯಿರಿ. ಇಷ್ಟೆಲ್ಲ ಅರ್ಧ ನಿಮಿಷದೊಳಗೆ! ಆ ಅರ್ಧ ನಿಮಿಷವನ್ನು ಇತಿಹಾಸದ ದಿಟ್ಟ ನಿರ್ಧಾರ ಎಂದು ಬರೆಯುತ್ತಾರೆ. ಅವತ್ತು ನಿರ್ಧಾರ ಎಲ್ಲಿ ನಡೆಯಿತು? ಅದು ಸೋತ ತಾಲೀಮಿನ ಮರುದಿನಗಳಲ್ಲಿ, ಪೆನ್ನು ಹಿಡಿದ ಒಬ್ಬ ಹುಡುಗನ ಮೇಜಿನ ಮೇಲೆ ನಡೆದುಹೋಗಿತ್ತು.

1202 ಇನ್ನೊಮ್ಮೆ ಬಂತು. ಮತ್ತೆ ಅದೇ ಉತ್ತರ. ನೆಲ ಹತ್ತಿರವಾಯಿತು, ಸುಮಾರು 3 ಸಾವಿರ ಅಡಿ. ಈಗ ಬೇರೆಯೇ ಸಂಖ್ಯೆ: 1201! ಹಿಂದಿನ ಕೋಣೆಯಿಂದ ಗಾರ್ಮನ್ ಹೇಳಿದ್ದು, ಅದೇ ಥರದ್ದು. ಬೇಲ್ಸ್ ಹೇಳಿದ್ದೂ ಅದೇ. ಅವರಿಂದ ಕೇಳಿಸಿಕೊಂಡ ಡ್ಯೂಕ್ ಅದನ್ನೇ ಚಂದ್ರನತ್ತ ದಾಟಿಸಿದರು: ಅದೇ ಥರದ್ದು, ಮುಂದುವರಿಯಿರಿ. ಈಗಲ್ ಇಳಿಯುತ್ತಲೇ ಇತ್ತು.